ಒದ್ದೆ ಮಡಿ, ಮೂರು ವೋಲ್ಟು

ಶಹಾಬಾದ, 17 ಜುಲೈ 2003, ಗುರುವಾರ

ಮತ್ತೆ ವಾಸುದೇವ ಸರ್ ಮನೆ. ಕಂಪ್ಯೂಟರಿನ ಮೈಕ್ ಸಾಕೆಟ್ ಸತ್ತಿದೆ. ಪಕ್ಕದ ಲೈನ್-ಇನ್ ಸಾಕೆಟ್ ಉಳಿದಿದೆ, ಆದರೆ ಅದು ಹೆಡ್‌ಸೆಟ್ ಮೈಕಿಗೆ ಕರೆಂಟು ಕೊಡದು. ಕಂಪ್ಯೂಟರಿನೊಳಗಿನ ಹನ್ನೆರಡು ವೋಲ್ಟ್ ನೇರ ಕೊಟ್ಟೆ. ಮೈಕ್ ಸುಟ್ಟುಹೋಯಿತು. ಮೊದಲೇ ಕೆಟ್ಟಿತ್ತು ಎನ್ನಬಹುದಿತ್ತು. ಎನ್ನಲಿಲ್ಲ.

‘ನಾನೇ ಸುಟ್ಟೆರಿ ಸರ್.’

‘ಹತ್ತನೆತ್ತೆಗೆ ಸಾಲಿ ಬಿಟ್ಟಾಂವನ ಕೈಯಾಗ ಕೊಟ್ಟೆ ನೋಡು, ನಂದೇ ತಪ್ಪು.’

ಅವರ ತಾಯಿ ಪದ್ಮಾಬಾಯಿಯವರಿಗೆ (ನನಗೆ ಬಾಯೇರು) ಗಂಟಲಲ್ಲಿ ಗಂಟು. ಸೊಲ್ಲಾಪುರದಲ್ಲಿ ಆಪರೇಷನ್. ಆಮೇಲೆ ದನಿ ಉಳಿಯುವ ಖಾತ್ರಿಯಿಲ್ಲ. ಅದಕ್ಕೇ ಈಗಲೇ ಅವರ ಹಾಡು ಕಂಪ್ಯೂಟರಿನಲ್ಲಿ ತುಂಬಿಸಿಡಬೇಕು.

‘ತಾರೀಕ, ನನ್ನ ತಾರೀಖ ಸೋಮವಾರ ಅದಪಾ,’ ಎಂದು ನನ್ನ ಹೆಸರು ಹಿಡಿದು ಬಾಯೇರು ನಕ್ಕರು. ನನಗೆ ನಗು ಬರಲಿಲ್ಲ.

18, ಶುಕ್ರವಾರ

ಮೈಕಿಗೆ ಕರೆಂಟು ಕೊಡುವ ಡಬ್ಬಿ ಆಯಿತು. ತಗಡಿನದು, ಗುಂಯ್ ಸದ್ದು ಬರಬಾರದೆಂದು. ಎರಡು ಪೆನ್ಸಿಲ್ ಸೆಲ್, ಕರೆಂಟು ತಡೆಯಲು ರೆಸಿಸ್ಟರ್, ದನಿಯನ್ನಷ್ಟೇ ದಾಟಿಸಲು ಕೆಪಾಸಿಟರ್. ಮೇಲೆ ಸ್ವಿಚ್. ಹೊಸ ಹೆಡ್‌ಸೆಟ್. ನನ್ನ ದನಿ ಸ್ವಚ್ಛ ಬಂತು. ಮೂರೇ ವೋಲ್ಟು. ಯಾರಿಗೇನಾದೀತು...

19, ಶನಿವಾರ

ಬಾಯೇರು ಮಡಿಯಲ್ಲಿ ಬಂದರು. ಒದ್ದೆ ಸೀರೆ, ಬರಿಗಾಲು. ಈಗಷ್ಟೇ ಒರೆಸಿದ ಫರಸಿ ಕಲ್ಲಿನ ನೆಲ. ಮಡಿಯಿಲ್ಲದೆ ದೇವರ ಹಾಡು ಹಾಡುವುದಿಲ್ಲವಂತೆ. ಡಬ್ಬಿ ಕೆಳಗಿಡು, ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ ಎಂದರು. ಏನೋ ಅನುಮಾನ. ಡಬ್ಬಿಗೆ ಟೆಸ್ಟರ್ ಮುಟ್ಟಿಸಿದೆ.

ಕೆಂಪಗೆ ಹತ್ತಿತು.

ಸೆಲ್ಲಿನದಲ್ಲ. ಡಬ್ಬಿಯ ತಂತಿ ಕಂಪ್ಯೂಟರಿನ ಮೈಗೆ ಸೇರಿದೆ. ಮನೆಗೆ ಅರ್ಥಿಂಗ್ ಇಲ್ಲ, ಅದರ ಮೈಯಲ್ಲಿ ಕರೆಂಟು ಜಿನುಗುತ್ತಿದೆ. ಶಾಕ್ ಹೊಡೆದರೆ ಎಳೆಯಲೂ ನಾನು ಮಡಿಯಲ್ಲಿರುವ ಅವರನ್ನು ಮುಟ್ಟುವಂತಿಲ್ಲ. ಪ್ಲಗ್ ಕಿತ್ತೆ.

‘ದಿನಾ ಮುಟ್ತೀವಿ, ಏನಾಗ್ಯದ?’ ಸರ್ ರೇಗಿದರು.

‘ಒಣಗೈಲೆ ಮುಟ್ತೀರಿ ಸರ್. ಬಾಯೇರು ತೊಯ್ದಾರ.’

ಅರ್ಥಿಂಗ್‌ಗೆ ಅಂಗಳದಲ್ಲಿ ಸಲಾಕೆ ಹೊಡೆದೆ. ಗೇಣೂ ಇಳಿಯಲಿಲ್ಲ. ಕೆಳಗೆಲ್ಲ ಕಲ್ಲು. ಶಹಾಬಾದ ಅಲ್ಲವೆ.

20, ಭಾನುವಾರ

ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ ತಂತಿ ಬಿಗಿದೆ. ಟೆಸ್ಟರ್ ಆರಿತು. ಆದರೂ ನಂಬಲಿಲ್ಲ. ಕಾಲು ತೋಯಿಸಿಕೊಂಡು, ಫರಸಿಯ ಮೇಲೆ ನಿಂತು, ಮೊದಲು ನಾನೇ ಡಬ್ಬಿ ಹಿಡಿದು ಹೆಡ್‌ಸೆಟ್ ಹಾಕಿಕೊಂಡೆ. ಏನೂ ಇಲ್ಲ.

ಬಾಯೇರು ಒದ್ದೆ ಸೀರೆ ಬಿಟ್ಟು ಉಣ್ಣೆಯ ಧಾಬಳಿ ಉಟ್ಟರು, ಅದೂ ಮಡಿಯೇ ಅಂತೆ. ಮಣೆಯ ಮೇಲೆ ಕುಳಿತರು. ನಾನು ಮುಟ್ಟಿದ ಹೆಡ್‌ಸೆಟ್ಟಿಗೆ ನೀರು ಚಿಮುಕಿಸಲು ಹೋದರು.

‘ನೀರು ಬ್ಯಾಡ್ರಿ ಬಾಯೇರ.’

‘ಹಂಗಾರ ಇವತ್ತೊಂದಿನ ದೇವ್ರು ಕಣ್ಣ ಮುಚ್ಚಿ ಕೂಡ್ಲಿ.’ ಹಾಕಿಕೊಂಡರು. ‘ಖರೇ ಹೇಳಪಾ, ಏನೂ ಆಗಂಗಿಲ್ಲ?’

‘ಇವತ್ತ ಆಗಂಗಿಲ್ರಿ. ನಾಳಿಂದು ನನಗ ಗೊತ್ತಿಲ್ರಿ.’

ಸರ್ ನನ್ನನ್ನು ದುರುಗುಟ್ಟಿ ನೋಡಿದರು. ಬಾಯೇರು ಜೋರಾಗಿ ನಕ್ಕರು. ರೆಕಾರ್ಡಿಂಗ್ ಆಗಲೇ ಶುರುವಾಗಿತ್ತು.

21, ಸೋಮವಾರ, ಸಂಜೆ

ಸೊಲ್ಲಾಪುರದಿಂದ ಸುದ್ದಿ ಇಲ್ಲ. ನಗು ಕತ್ತರಿಸಿ ಸಿಡಿ ಮಾಡು ಎಂದಿದ್ದರು ಸರ್. ಕತ್ತರಿಸಲಿಲ್ಲ. ಕೇಳಿದರೆ ಹೇಳುತ್ತೇನೆ. ನನ್ನ ರಿಪೇರಿ ಅಂಗಡಿಯಲ್ಲಿ ಸಿಡಿ ಮತ್ತೆ ಹಾಕಿದೆ. ಮೊದಲು ನಗು. ಆಮೇಲೆ ಉಸಿರು ಎಳೆದುಕೊಳ್ಳುವ ಸದ್ದು. ಆಮೇಲೆ—

ಫೋನು ಬಾರಿಸುತ್ತಿದೆ.