ಮಾಸ್ತರರ ಮೂರು ಬೇಡಗಳು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 7.40

ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದ್ದಾಯಿತು. ಗಂಟಲು ಪರವಾಗಿಲ್ಲ. ಇಪ್ಪತ್ತು ಹೊಸ ಪದ ಬಾಯಿಪಾಠ — ಸುಂಕದ್ದು, ಬಟ್ಟೆಯದ್ದು, ಸರ್ವರಿನದ್ದು. ಕನ್ನಡಿ ಮುಂದೆ ನಿಂತು ಎರಡೂ ಭಾಷೆಯಲ್ಲಿ ಒದರುತ್ತಿದ್ದೆ. ಅಡುಗೆಮನೆಯಿಂದ ಅತ್ತೆ: "ಬೆಳಗಾಗೆದ್ದು ಯಾರ ಜೊತೆ ಜಗಳ ಆಡ್ತಿದ್ದೀಯೇ?" ದುಭಾಷಿಯ ಮನೆಯಲ್ಲಿ ಇದು ದಿನಾ ಇದ್ದದ್ದೇ.

ಮಧ್ಯಾಹ್ನ 1.15

ಆಫೀಸಿಗೆ ಯಂತ್ರ ಬಂತು. ಸೋಪಿನ ಡಬ್ಬಿಯಷ್ಟಿದೆ. ಮೇಜಿನ ಮೇಲಿಟ್ಟರೆ ಎರಡೂ ಕಡೆಯ ಮಾತು ಕೇಳಿ, ತಿರುಗಿಸಿ, ಕಿವಿಗೆ ಹಾಕುತ್ತದಂತೆ. ಕಂಪ್ಯೂಟರ್ ವಿಭಾಗದವನು — ಎಲ್ಲರೂ ಕರೆಯುವುದು ಗ್ಯಾಜೆಟ್ ಅಂತಲೇ — ಹಸುಗೂಸನ್ನು ತೋರಿಸುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

"ನೀವು ಕಲಿಸಿದಷ್ಟು ಕಲಿಯುತ್ತೆ ಮೇಡಂ. ಮಾಸ್ತರರ ದನಿ ಇರೋ ಹಳೇ ರೆಕಾರ್ಡಿಂಗ್ ಇದ್ರೆ ಹಾಕಿಬಿಡಿ."

ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಳ್ಳಬೇಕಂತೆ. ಹಾಗಂತ ಹೇಳಿದ್ದಕ್ಕೆ ಮಾಸ್ತರು ನಕ್ಕರು. ನಮ್ಮ ಮಾತುಕತೆ ತಂಡದ ಮುಖ್ಯಸ್ಥರು. ಹಿಂದೆ ಯಾವಾಗಲೋ ಮೂರು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದರು, ಹೆಸರು ಅಂಟಿಕೊಂಡಿತು. ಹನ್ನೊಂದು ವರ್ಷದಿಂದ ಅವರ ಎಡಗಡೆ ನನ್ನ ಕುರ್ಚಿ. "ಕಲಿಸು ಬಿಡಮ್ಮಾ, ನಿನಗೊಬ್ಬ ಶಿಷ್ಯ ಸಿಕ್ಕ ಹಾಗಾಯ್ತು" ಅಂದರು.

ಫೆಬ್ರವರಿ 5. ಸಂಜೆ 5.10

ಹಾಕಿಬಿಟ್ಟೆ. 212 ಫೈಲು. ನಡಾವಳಿಗೆ ಸಹಿ ಬಿದ್ದ ಮೇಲೆ ರೆಕಾರ್ಡಿಂಗ್ ಅಳಿಸಬೇಕು ಅಂತ ನಿಯಮ. ನಾನು ಅಳಿಸಿರಲಿಲ್ಲ. ಕಿವಿ ತಿದ್ದಿಕೊಳ್ಳಲು ಬೇಕಿತ್ತು... ಸರಿ, ತಪ್ಪು ತಪ್ಪೇ.

ಜೊತೆಗೆ ನನ್ನ ಗುರುತುಗಳೂ ಹೋದವು. ದುಭಾಷಿ ಬರೀ ಮಾತು ದಾಟಿಸಿದರೆ ಸಾಲದು, ದನಿಯನ್ನೂ ದಾಟಿಸಬೇಕು. ಮಾಸ್ತರು ಬೇಡ ಅಂದ ಕಡೆಯೆಲ್ಲ ಯಾವ ಬೇಡ ಅಂತ ಬರೆದಿಟ್ಟಿದ್ದೆ. ಗಟ್ಟಿ ಬೇಡ: ತಕ್ಷಣ ಬರುತ್ತದೆ, ಮೆಲ್ಲಗೆ, ಒಂದೇ ಸಲ. ಅಲ್ಲಿಗೆ ಮುಗಿಯಿತು. ಕಾಯುವ ಬೇಡ: ಮೊದಲು ಉದ್ದ ಉಸಿರು. ಮಂತ್ರಿಯನ್ನು ಕೇಳಬೇಕಿದೆ ಅಂತ ಅರ್ಥ. ಅತ್ತೆಯ ಬೇಡ: ಜೋರಾಗಿ, ಎರಡೆರಡು ಸಲ. ನಮ್ಮತ್ತೆ "ಬೇಡ ಬೇಡ" ಅನ್ನುತ್ತಲೇ ತಟ್ಟೆ ಮುಂದೆ ತಳ್ಳುತ್ತಾರಲ್ಲ, ಅದು. ಇನ್ನೊಂದು ಸಲ ಕೇಳಿದರೆ ಒಪ್ಪುತ್ತಾರೆ.

ಕೊನೆಯಲ್ಲಿ ನಿಯಮಗಳ ಪುಟ. ಹೆಬ್ಬೆರಳಲ್ಲಿ ತಳ್ಳಿದೆ, ತಳ್ಳಿದೆ, ಮುಗಿಯಲೊಲ್ಲದು. "ಒಪ್ಪಿದ್ದೇನೆ" ಒತ್ತಿ ಬಸ್ಸಿಗೆ ಓಡಿದೆ.

ಫೆಬ್ರವರಿ 17. ಬೆಳಿಗ್ಗೆ 8.50

ಇವತ್ತಿನಿಂದ ಪರದೇಶದ ತಂಡದ ಜೊತೆ ಮಾತುಕತೆ. ನಮ್ಮ ಬಟ್ಟೆಗೆ ಅವರು ಸುಂಕ ಇಳಿಸಬೇಕು. ಬದಲಿಗೆ ಅವರಿಗೆ ನಮ್ಮ ಆಸ್ಪತ್ರೆಗಳ ದಾಖಲೆ ಬೇಕು — ಎಲ್ಲ ರೋಗಿಗಳದ್ದು, ಹತ್ತು ವರ್ಷ, ಅವರ ಸರ್ವರಿನಲ್ಲಿ. ಹಿಂದೆ ಉಕ್ಕು ಕೇಳುತ್ತಿದ್ದರು, ಮರ ಕೇಳುತ್ತಿದ್ದರು. ಈಗ ನಮ್ಮ ಕೆಮ್ಮು, ಜ್ವರ, ಹೆರಿಗೆ ಕೇಳುತ್ತಿದ್ದಾರೆ.

ತೀರಾ ಅನಿವಾರ್ಯವಾದರೆ ಎಷ್ಟು ವರ್ಷಕ್ಕೆ ಒಪ್ಪಬಹುದು ಅನ್ನುವುದು ಮಂತ್ರಿಗೂ ಮಾಸ್ತರಿಗೂ ಮಾತ್ರ ಗೊತ್ತು. ಕಾಗದದ ಮೇಲಿಲ್ಲ. ನನಗೂ ಹೇಳಿಲ್ಲ. ಯಂತ್ರ ಎಡವಿದರೆ ಇರಲಿ ಅಂತ ನನ್ನನ್ನೂ ಕೂರಿಸಿದ್ದಾರೆ.

ಫೆಬ್ರವರಿ 18. ಸಂಜೆ 6.00

ಏನೋ ಸರಿಯಿಲ್ಲ.

ಅವರ ಮುಖ್ಯಸ್ಥ, ನೀಲಿ ಟೈ, ಹತ್ತು ವರ್ಷ ಅಂದ. ಮಾಸ್ತರು ಬೇಡ ಅಂದರು. ಗಟ್ಟಿ ಬೇಡ. ಆತ ತನ್ನ ಟ್ಯಾಬ್ ನೋಡಿಕೊಂಡ, ತಕ್ಷಣ ಏಳಕ್ಕೆ ಇಳಿದ. ವಾದವಿಲ್ಲ, ಮುಖ ಗಂಟಿಕ್ಕಲಿಲ್ಲ. ಏಳಕ್ಕೂ ಗಟ್ಟಿ ಬೇಡ. ಐದಕ್ಕಿಳಿದ. ಮತ್ತೆ ಗಟ್ಟಿ. ಮೂರು ಅಂದ.

ಮಾಸ್ತರು ಜೋರಾಗಿ, "ಆಗೋದಿಲ್ಲ, ಆಗೋದೇ ಇಲ್ಲ!" ಮೇಜು ಬೇರೆ ಗುದ್ದಿದರು. ಇಂಥ ಗುದ್ದಿಗೆ ಎದುರಿನವರು ಒಂದು ವರ್ಷವಾದರೂ ಬಿಟ್ಟುಕೊಡುವುದನ್ನು ಹನ್ನೊಂದು ವರ್ಷದಿಂದ ನೋಡಿದ್ದೇನೆ. ಈತ ಟ್ಯಾಬ್ ನೋಡಿದ. ಸಣ್ಣಗೆ ನಕ್ಕ. ಕೈಕಟ್ಟಿ ಕೂತ. ನಲವತ್ತು ನಿಮಿಷ ಅಲುಗಲಿಲ್ಲ. ಮಾಸ್ತರ ಕತ್ತು ಬೆವರಿದ್ದನ್ನು ಮೊದಲ ಸಲ ನೋಡಿದೆ.

ಫೆಬ್ರವರಿ 19. ಬೆಳಿಗ್ಗೆ 11.20. ಹೆಂಗಸರ ಶೌಚಾಲಯ

ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ.

ಕಾಫಿಗೆ ಎದ್ದಾಗ ನೀಲಿ ಟೈ ಟ್ಯಾಬ್ ತೆರೆದೇ ಬಿಟ್ಟು ಹೋದ. ನಾನು ಕನ್ನಡಕ ತರಲು ವಾಪಸ್ ಹೋದವಳು. ಕದ್ದು ನೋಡುವ ಉದ್ದೇಶ ಇರಲಿಲ್ಲ, ಆದರೆ ಅವರ ಭಾಷೆ ಓದುವುದೇ ನನ್ನ ಹೊಟ್ಟೆಪಾಡು, ಕಣ್ಣಿಗೆ ಬಿದ್ದದ್ದನ್ನು ಓದದೆ ಇರಲಾರೆ. ನಿನ್ನೆಯ ಮಾತೆಲ್ಲ ಸಾಲುಸಾಲಾಗಿ. ಹತ್ತು ವರ್ಷ, ಕೆಂಪು. ಏಳು, ಕೆಂಪು. ಐದು, ಕೆಂಪು. ಮೂರು, ಹಸಿರು. ಹಸಿರಿನ ಪಕ್ಕ ಅವರ ಭಾಷೆಯಲ್ಲಿ, ಅಕ್ಷರಕ್ಕೆ ಅಕ್ಷರ: "ಅತ್ತೆಯ ಬೇಡ."

ಅವರ ಭಾಷೆಯಲ್ಲಿ ಅಂಥ ಮಾತೇ ಇಲ್ಲ. ಲೋಕದಲ್ಲಿ ಯಾರೂ ಅಂಥ ಮಾತು ಆಡುವುದಿಲ್ಲ. ನಾನು ಮಾತ್ರ.

ಸಂಜೆ 5.15

ಗ್ಯಾಜೆಟ್‌ನನ್ನು ಜೆರಾಕ್ಸ್ ಕೋಣೆಗೆ ಎಳೆದುಕೊಂಡು ಹೋಗಿ ಕೇಳಿದೆ. ಫೋನಿನಲ್ಲಿ ನಿಯಮಗಳ ಪುಟ ತೆಗೆದು ಓದಿದ. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು.

"ಯಾರೂ ಕದ್ದಿಲ್ಲ ಮೇಡಂ. ಅವರೂ ಅದೇ ಕಂಪನಿ ಗಿರಾಕಿ. ನಾವು ಹಾಕಿದ್ದರಿಂದ ಯಂತ್ರ ಏನು ಕಲಿಯುತ್ತೋ, ಅದನ್ನ ಎಲ್ಲ ಗಿರಾಕಿಗಳಿಗೂ ಕೊಡ್ತೀವಿ ಅಂತ ಇಲ್ಲೇ ಇದೆ."

"ಅಂದ್ರೆ ನಾನೇ ಕೊಟ್ಟೆ?"

"ಅಕೌಂಟು ಇರೋದು ನಮ್ಮ ವಿಭಾಗದ ಹೆಸರಲ್ಲಿ. ಯಾರು ಹಾಕಿದ್ದು ಅಂತ ಎಲ್ಲೂ ಬರೋದಿಲ್ಲ." ಬಾಗಿಲ ಕಡೆ ನೋಡಿದ. "ನೀವು ನನ್ನ ಕೇಳಲೇ ಇಲ್ಲ, ನಾನು ಹೇಳಲೇ ಇಲ್ಲ. ಸರೀನಾ?"

ಮಾಸ್ತರಿಗೆ ಆಗಲೇ ಹೇಳಬೇಕಿತ್ತು. ಒಳಗೆ ಹೋದೆ. ಎಲ್ಲರೂ ಕೂತುಬಿಟ್ಟಿದ್ದರು. ಚೀಟಿ ಬರೆದೆ, ಹರಿದೆ. ನಾಲ್ಕೂವರೆಗೆ ಮೂರು ವರ್ಷಕ್ಕೆ ಒಪ್ಪಂದವಾಯಿತು. ಬಾಯಿ ತೆರೆಯದೆ ಕೂತಿದ್ದೆ. ಹೇಡಿ ನಾನು.

ಫೆಬ್ರವರಿ 21

ಗುಟ್ಟು ಬಿಟ್ಟುಕೊಟ್ಟರು ಅಂತ ಮಾಸ್ತರನ್ನು ಅಮಾನತು ಮಾಡಿದರು. ಫೋನು, ಗುರುತಿನ ಚೀಟಿ ಕಿತ್ತುಕೊಂಡರು. ಮೂರು ಅನ್ನುವುದು ಇಬ್ಬರಿಗೇ ಗೊತ್ತಿತ್ತು. ಮಂತ್ರಿ ಹೇಳಿರಲಾರರು. ಉಳಿದವರು ಇವರೊಬ್ಬರೇ. ಇಷ್ಟೇ ಲೆಕ್ಕಾಚಾರ.

ಮೂವತ್ತಮೂರು ವರ್ಷ ಕೆಲಸ ಮಾಡಿದವರು ಒಂದು ಕೈಚೀಲ, ಒಂದು ಛತ್ರಿ ಹಿಡಿದು ಮೆಟ್ಟಿಲಿಳಿದರು. ಯಾರೂ ಕುರ್ಚಿಯಿಂದ ಏಳಲಿಲ್ಲ. ನಾನೂ ಏಳಲಿಲ್ಲ.

ಮಾರ್ಚ್ 3

ಹತ್ತು ದಿನ ಬರೆದಿಲ್ಲ. ಬರೆಯಲು ಮುಖವಿಲ್ಲ.

ಇವತ್ತು ಅತ್ತೆ ತಟ್ಟೆಗೆ ಬಡಿಸಲು ಬಂದಾಗ ಬೇಡ ಅಂದೆ. ಸೌಟು ಹಿಡಿದು ನಿಂತೇ ಇದ್ದರು. "ಏನಾಗಿದೆಯೇ ನಿನಗೆ? ಹತ್ತು ದಿನದಿಂದ ಗರ ಬಡಿದವಳ ಹಾಗಿದ್ದೀಯ." ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಶಾಲೆಯಿಂದ ಆಗಷ್ಟೇ ಬಂದ ನಮ್ಮ ಯಜಮಾನರೂ ಪ್ರಯೋಗಾಲಯದ ಕೋಟು ಬಿಚ್ಚದೆ ಓಡಿ ಬಂದರು. ಎಲ್ಲ ಹೇಳಿದೆ, ಅತ್ತೆಯ ಬೇಡದ ಸಮೇತ.

ಇವರು ಕೆಲಸ ಹೋಗುತ್ತೆ, ಜೈಲೂ ಆಗಬಹುದು, ಮೊದಲು ವಕೀಲರನ್ನ ನೋಡೋಣ ಅಂದರು. ಅತ್ತೆ ಸೌಟನ್ನು ಪಾತ್ರೆಗೆ ಹಾಕಿದರು. ಆಮೇಲೆ, "ಪರದೇಶದ ಸರ್ಕಾರಕ್ಕೆ ನನ್ನ ತಟ್ಟೆ ವಿಷಯ ಬರೆದು ಕೊಟ್ಟೆಯಾ, ಇರಲಿ. ಆ ಮನುಷ್ಯ ಏನು ಮಾಡಿದ್ದ ನಿನಗೆ? ಹೋಗಿ ಹೇಳು."

ಮಾರ್ಚ್ 4. ಮಧ್ಯಾಹ್ನ 12.30

ಹೋಗಿ ಹೇಳಿದೆ. ಮಾಸ್ತರು ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಹತ್ತೇ ದಿನಕ್ಕೆ ಭುಜ ಇಳಿದುಹೋಗಿದೆ. ಬೈಯಲಿ, ಕೆನ್ನೆಗೆ ಹೊಡೆಯಲಿ ಅಂತ ಕಾದೆ.

"ಮೂರೂ ಬೇಡಗಳನ್ನ ಗುರುತು ಹಾಕಿದ್ದೆಯಾ?" ಅಂದರು. ಮುಖದಲ್ಲಿ ಒಂದು ಥರ ಬೆರಗು. "ನನ್ನ ಹೆಂಡತಿಗೂ ಗೊತ್ತಿಲ್ವಲ್ಲಮ್ಮಾ ಅದು."

ನಾಡಿದ್ದು ವಿಚಾರಣೆಯಲ್ಲಿ ಎಲ್ಲ ಹೇಳಿಬಿಡುತ್ತೇನೆ ಅಂದೆ.

"ಬೇಡ."

"ಮಾಸ್ತರೇ—"

"ನಿನಗಿನ್ನೂ ಹದಿನೇಳು ವರ್ಷ ಸರ್ವಿಸಿದೆ. ನನಗೆ ಏಳು ತಿಂಗಳು. ಮನೆಗೆ ಹೋಗು."

ಎಣ್ಣೆ ಒರೆಸಿಕೊಂಡು ಒಳಗೆ ಹೋದರು. ಅದು ಯಾವ ಬೇಡ ಅಂತ ತಿಳಿಯಲಿಲ್ಲ.

ಮಾರ್ಚ್ 6. ಬೆಳಿಗ್ಗೆ 11.10. ವಿಚಾರಣಾ ಕೋಣೆಯ ಹೊರಗೆ, ಬೆಂಚು

ನನ್ನನ್ನು ಹತ್ತೂವರೆಗೆ ಬರಹೇಳಿದ್ದರು. ಮಾಸ್ತರನ್ನು ಒಂಬತ್ತಕ್ಕೇ ಕರೆಸಿ ಕಳಿಸಿದ್ದಾರೆ. ಗುಮಾಸ್ತ ಒಂದು ಹಾಳೆ ತಂದುಕೊಟ್ಟ. ಮಾಸ್ತರ ಹೇಳಿಕೆ, ಮೂರೇ ಸಾಲು. ರೆಕಾರ್ಡಿಂಗ್ ಇಟ್ಟುಕೊಂಡವನು ನಾನು. ಯಂತ್ರಕ್ಕೆ ಹಾಕಿದವನು ನಾನು. ದುಭಾಷಿಗೆ ಏನೂ ಗೊತ್ತಿಲ್ಲ.

ಕೆಳಗೆ ನನ್ನ ಸಹಿಗೆ ಜಾಗ.

"ಇಲ್ಲೊಂದು ಸೈನ್ ಹಾಕಿ ಮೇಡಂ. ನಿಮ್ಮನ್ನ ಒಳಗೆ ಕರೆಯೋ ಅಗತ್ಯ ಇಲ್ಲವಂತೆ."

ಇದು ಸುಳ್ಳು ಅಂದೆ.

ಅವನು ನಕ್ಕ. "ಸುಳ್ಳಾಗೋಕೆ ಸಾಧ್ಯವೇ ಇಲ್ಲ. ಯಂತ್ರ ಮೇಜಿನ ಮೇಲೆ ಇಟ್ಟೇ ಕೇಳಿದ್ದು. ದುಭಾಷಿಗೆ ಗೊತ್ತಿತ್ತಾ ಅಂತ ಮೂರು ಸಲ ಕೇಳಿದ್ರು. ಮೂರು ಸಲವೂ ಇಲ್ಲ ಅಂದ್ರು, ಮೂರು ಸಲವೂ ಗಟ್ಟಿ ಅಂತ ತೋರಿಸ್ತು. ಸಾಹೇಬರು ಕೇಸು ಮುಚ್ಚಿಬಿಟ್ರು."

ತಕ್ಷಣ ಅಂದಿರುತ್ತಾರೆ, ಮೆಲ್ಲಗೆ, ಒಂದೇ ಸಲ. ಹಾಗಂದರೆ ಗಟ್ಟಿ ಅಂತ ಅದಕ್ಕೆ ಕಲಿಸಿದ್ದು ನಾನೇ. ಇನ್ನೊಬ್ಬರನ್ನು ಉಳಿಸಲು ಅವರು ಸುಳ್ಳು ಹೇಳಿದ್ದನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅದಕ್ಕೆ ಗುರುತೇ ಹಾಕಿರಲಿಲ್ಲ.

"ಬೇಗ ಮೇಡಂ, ಫೈಲು ಕಟ್ಟಬೇಕು."

ಹಾಳೆ ಮಡಿಲಲ್ಲಿದೆ. ಸಹಿ ಹಾಕಿಲ್ಲ. ಒಳಗೆ ಕುರ್ಚಿ ಸರಿಸುತ್ತಿದ್ದಾರೆ, ಸಾಹೇಬರು ಎದ್ದಿರಬೇಕು. ಈಗ ಹೋಗದಿದ್ದರೆ ಸಿಗುವುದಿಲ್ಲ. ಹೋಗುತ್ತಿದ್ದೇನೆ. ಮೊದಲ ಮಾತು ಇದು: ಸ್ವಾಮೀ, ಆ ಯಂತ್ರಕ್ಕೆ ಗೊತ್ತಿಲ್ಲ, ಅವರು ಹೇಳಿದ್ದು ಸುಳ್ಳು, ಹಾಕಿದವಳು ನಾ—