ಎರಡು ಬೆರಳು ಬಿಗಿ

ಮಾರ್ಚ್ 3, ಬೆಳಗಿನ ಸ್ಕೇಟಿಂಗ್ ಪ್ರಾಕ್ಟೀಸ್ ಮುಗಿಸಿ

ಮತ್ತೆ ಅದೇ ಜಂಪ್, ಮತ್ತೆ ಐಸ್ ಮೇಲೆ ಬಿದ್ದೆ. ಮೊಣಕೈ ತರಚಿದೆ. ಕೋಚ್ ಮೇಡಂ ಕೂಗಿದರು, "ಬಿದ್ರೂ ನಗ್ತಾ ಏಳ್ಬೇಕು! ಜಡ್ಜ್‌ಗಳು ನೋಡ್ತಿರ್ತಾರೆ!" ಒಮ್ಮೆ ಅವರೇ ಬಿದ್ದು ನಕ್ಕು ತೋರಿಸಲಿ.

ಆಮೇಲೆ ಸ್ಪರ್ಧೆಯ ಡ್ರೆಸ್ ಹಾಕಿಸಿ ನೋಡಿದರು. ಅಮ್ಮ ಹೊಲಿದದ್ದು. ನನಗೆ ಸರಿಯಾಗಿತ್ತು — ಅದೇ ತಪ್ಪಾಯಿತು. ಮೇಡಂ ಅಮ್ಮನಿಗೆ ಹೇಳಿದರು, "ಎರಡು ಬೆರಳು ಬಿಗಿ ಮಾಡಿ. ಸ್ಪರ್ಧೆ ಹೊತ್ತಿಗೆ ಇವಳೇ ಅದಕ್ಕೆ ಸರಿಹೋಗ್ತಾಳೆ." ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾಳೆ ಅಜ್ಜಿ. ಇವರು ಹಾಸಿಗೆಯನ್ನೇ ಕತ್ತರಿಸಿ, ಇನ್ನು ಕಾಲು ಕತ್ತರಿಸಿಕೋ ಅನ್ನುತ್ತಾರೆ.

ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಹಳೆ ಹೊಲಿಗೆಯ ಒಳಗೇ ಇನ್ನೊಂದು ಹೊಲಿಗೆ ಹಾಕಿದಳು.

ಮಾರ್ಚ್ 12

ಡ್ರೆಸ್ಸಿನ ಜಿಪ್ ಕೊನೆಗೂ ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ಕತ್ತಲೆ... ಗೋಡೆ ಹಿಡಿದುಕೊಂಡೆ. "ಏನ್ ತಿಂದೆ ಇವತ್ತು?" — ಮೇಡಂ ಕೇಳಿದ್ದು ಅನುಮಾನದಿಂದ, ಕಾಳಜಿಯಿಂದಲ್ಲ. ಅರ್ಧ ಸೇಬು, ಮೇಡಂ. ಅದೂ ಕದ್ದು.

"ಇನ್ನು ಸ್ವಲ್ಪ ದಿನ ತಡ್ಕೋ ಪುಟ್ಟಿ. ನಾನೇನು ನಿನ್ನ ಶತ್ರುನಾ?" ಅಂದಳು ಅಮ್ಮ. ಅಲ್ಲ. ಶತ್ರುವಾಗಿದ್ದರೆ ಜಗಳ ಸುಲಭವಾಗುತ್ತಿತ್ತು.

ಮಾರ್ಚ್ 20, ಸಂಜೆ

ಸಿಟ್ಟಿಗೆ ಮೈ ಉರಿಯುತ್ತಿದೆ. ತಂಗಿ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಒಂಬತ್ತು ವರ್ಷ, ಸ್ಕೇಟ್ ಕಟ್ಟಿಕೊಳ್ಳಲು ಈಗಷ್ಟೇ ಕಲಿತವಳು. ಹಿಂದಿನಿಂದ ನೋಡಿದರೆ — ಸ್ಕೂಲ್ ಫ್ರಾಕನ್ನು ಸೊಂಟದ ಹತ್ತಿರ ಮಡಚಿ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿಕೊಂಡಿದ್ದಾಳೆ. ಸಾಲಾಗಿ.

"ಅಕ್ಕಾ, ನಂದೂ ಎರಡು ಬೆರಳು ಬಿಗಿ ಮಾಡೋಕೆ ಅಮ್ಮಂಗೆ ಹೇಳೇ."

ಕ್ಲಿಪ್‌ಗಳನ್ನು ಕಿತ್ತು ತಂದು ಹೊಲಿಗೆ ಮೆಷಿನ್ ಮೇಲೆ ಕುಕ್ಕಿದೆ. ಎಲ್ಲಿಂದ ಬಂದವು ಅಂತ ಹೇಳಿದೆ. ಅಮ್ಮ ಅವನ್ನೇ ನೋಡುತ್ತ ಕೂತಳು. ಥೂ, ಈಗಲೂ ಮಾತಿಲ್ಲ!

ಮಾರ್ಚ್ 22, ಸ್ಪರ್ಧೆಯ ದಿನ, ಡ್ರೆಸ್ಸಿಂಗ್ ರೂಮ್

ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಬಿಗಿ ಹೊಲಿಗೆ ಬಿಚ್ಚಿದೆ. ಒಂದು ಬದಿ ಮುಗಿಯುವಷ್ಟರಲ್ಲಿ ಮೇಡಂ ಬಾಗಿಲು ಬಡಿದರು. ಹಾಗೇ ಹಾಕಿಕೊಂಡು ಹೊರಗೆ ಬಂದೆ.

"ಎಷ್ಟು ಕೊಬ್ಬು ಇವಳಿಗೆ! ಈಗ್ಲೇ ಹೊಲೀರಿ ಇದನ್ನ!"

ಅಮ್ಮ ಬ್ಯಾಗಿಗೆ ಕೈ ಹಾಕಿದಳು. ಸೂಜಿ ಅಂದುಕೊಂಡೆ, ಅಳು ಬಂತು. ತೆಗೆದದ್ದು ಕತ್ತರಿ. ನನ್ನ ಪಕ್ಕ ಮಂಡಿಯೂರಿ ಇನ್ನೊಂದು ಬದಿಯನ್ನೂ ಬಿಚ್ಚತೊಡಗಿದಳು.

"ಮಾರ್ಕ್ಸ್ ಹೋಗುತ್ತೆ ರೀ!"

"ಹೋಗ್ಲಿ." ಅಮ್ಮ ತಲೆ ಎತ್ತಲಿಲ್ಲ. "ನಂಗೆ ಇಬ್ರು ಹೆಣ್ಮಕ್ಕಳಿದಾರೆ."

ಉಸಿರು ಈಗ ಹೊಟ್ಟೆಯವರೆಗೂ ಹೋಗುತ್ತಿದೆ. ಜಂಪ್ ಬರುತ್ತದೋ ಇಲ್ಲವೋ. ಬಿದ್ದರೆ ನಗುವುದಿಲ್ಲ, ಖಂಡಿತ ಇಲ್ಲ. ತಂಗಿ ಬೆಂಚಿನ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದಾಳೆ. ಇನ್ನೊಂದು ಬೇಕಂತೆ. ಅಮ್ಮ — ಅಯ್ಯೋ, ನನ್ನ ನಂಬರ್ ಕರೆದರು, ಡೈರಿ ಮುಚ್ಚಬೇಕು.