ಸಮ ಮಾಡಿದ ಮರಳು

ಅಪ್ಪ,

ಪ್ರಾಯೋಜಕರು ಕೈಬಿಟ್ಟ ಮೇಲೆ ಗಾಲ್ಫ್ ಟೂರ್ನಮೆಂಟು ಮತ್ತೆ ನಡೆಯಲೇ ಇಲ್ಲ. ನೀನು ಮಾತ್ರ ಸಾಯುವ ವರ್ಷವೂ ಕ್ಯಾಡಿ ಟೋಪಿ ಒಗೆದಿಟ್ಟು, ಕರೆ ಬರುತ್ತದೆಂದು ಕಾದೆ. ಆಟಗಾರರ ಚೀಲ ಹೊತ್ತು ನಾವಿಬ್ಬರೂ ನಡೆದ ಮೈದಾನದಲ್ಲಿ ಈಗ ಎದೆಯೆತ್ತರ ಹುಲ್ಲು. ಅವ್ವ ದಿನಾ ಹಸುವಿಗೆ ಅಲ್ಲೇ ಕೊಯ್ಯುತ್ತಾಳೆ.

ಮೊನ್ನೆ, ಆಟದ ಚೆಂಡು ಸಿಕ್ಕಿಬೀಳಲೆಂದು ಮಾಡಿದ್ದ ಅಲ್ಲಿನ ಮರಳುಗುಂಡಿಯಲ್ಲಿ ಚಿರತೆಯ ಹೆಜ್ಜೆ ಕಂಡೆ. ಇಳಿದು ನೋಡಿದೆ. ಮೇಲೆ ಬರುವಾಗ ಕೈ ತಾನಾಗಿಯೇ ಒಂದು ಕೊಂಬೆ ಹಿಡಿದು, ಮರಳನ್ನೆಲ್ಲ ಎಳೆದು ಸಮ ಮಾಡಿಬಿಟ್ಟಿತು. "ಮರಳಲ್ಲಿ ಹೆಜ್ಜೆ ಬುಟ್ಟು ಬರೋನು ಕ್ಯಾಡಿನೇ ಅಲ್ಲ ಕಣ್ಲಾ" ಅಂತ ನೀನು ಬೈಯುತ್ತಿದ್ದೆಯಲ್ಲ.

ನಾನು ಹೇಳಿಕಳಿಸಿದ್ದಕ್ಕೆ ರಾಮನಗರದಿಂದ ಅರಣ್ಯ ಇಲಾಖೆಯ ಗಾರ್ಡ್ ಬಂದರು. "ಹೆಜ್ಜೆ ಎಲ್ಲೈತಪ್ಪ? ಗುರುತು ಇಲ್ದೆ ಬೋನು ಇಡಕಾಗಲ್ಲ" ಎಂದು ಹೋದರು.

ಅವ್ವ ನಕ್ಕಳು. "ನಿಮ್ಮಪ್ಪನಂಗೆ ನಿಂಗೂ ಇಲ್ಲದ್ದೇ ಕಾಣ್ತದೆ. ಹಸ ಹಸ್ಕೊಂಡೈತೆ, ದಾರಿ ಬುಡು."

ಇವತ್ತು ಅವಳು ಹುಲ್ಲಿನ ಹೊರೆ ಹೊತ್ತು ಮನೆಗೆ ಬಂದ ಮೇಲೆ ನಾನೊಬ್ಬನೇ ಹೋಗಿ ನೋಡಿದೆ. ನಾನು ಸಮ ಮಾಡಿದ್ದ ಮರಳನ್ನು ಅವ್ವನ ಚಪ್ಪಲಿ ಗುರುತು ಸಾಲಾಗಿ ದಾಟಿತ್ತು. ಆ ಗುರುತುಗಳನ್ನೇ ತುಳಿಯುತ್ತ, ಅವಳ ಹಿಂದೆಯೇ, ಚಿರತೆ ನಡೆದಿತ್ತು.

ಗಾರ್ಡಿಗೆ ಫೋನ್ ಮಾಡಿದ್ದೇನೆ. ಬೆಳಿಗ್ಗೆ ಬರುತ್ತಾರಂತೆ. ಕುಡುಗೋಲು ಬಚ್ಚಿಟ್ಟಿದ್ದೇನೆ, ಅವ್ವ ಗೊಣಗುತ್ತ ಹುಡುಕುತ್ತಿದ್ದಾಳೆ.

ಮರಳನ್ನು ಹಾಗೆಯೇ ಬಿಟ್ಟು ಬಂದೆ ಅಪ್ಪ. ಬೈಯಬೇಡ.